ಕರೆಂಟ್ ಹೋದ ಹೊತ್ತಿನ ಪಾಠ

ಟೀಚರನ್ನು ಮೊದಲ ಎರಡು ವರ್ಷ ನಾನು ದ್ವೇಷಿಸುತ್ತಿದ್ದೆ ಎಂದು ಬರೆಯಬೇಕೆಂದಿದ್ದೆ. ಬರೆದರೆ ಅದು ಸುಳ್ಳಾಗುತ್ತದೆ. ದ್ವೇಷಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು. ತಮಿಳು ಸೀಮೆಯ ನಮ್ಮೂರು ಕರುಮತ್ತಂಪಟ್ಟಿಯಲ್ಲಿ ಬೆಳಗಿನ ಬಸ್ಸು ಹತ್ತಿ, ಗಾಂಧಿಪುರದಲ್ಲಿ ಇಳಿದು, ಅಲ್ಲಿಂದ ಟೌನ್ ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಕ್ಕಡಂ ಮುಟ್ಟುವಷ್ಟರಲ್ಲಿ ನನ್ನಲ್ಲಿ ಉಳಿಯುತ್ತಿದ್ದದ್ದು ಬರೀ ಸಿಡುಕು. ಅದನ್ನೇ ಹೊತ್ತುಕೊಂಡು ಹೋಗಿ ಅವರೆದುರು ಕೂರುತ್ತಿದ್ದೆ. ಅವರು ನನಗಿಂತ ಹೆಚ್ಚು ದಣಿದಿರುತ್ತಿದ್ದರು. ಹೀಗೆ ಸುಸ್ತಾದ ಇಬ್ಬರು ಹೆಂಗಸರ ನಡುವೆ ಕೂತು, ಹುಟ್ಟಿನಿಂದ ಕಿವಿ ಕೇಳದ ನನ್ನ ಮಗಳು ಮಣಿ ಮಾತು ಕಲಿಯಬೇಕಾಗಿತ್ತು.

ಕೆರೆಯ ಪಕ್ಕದ ಒಂದು ಹಳೆಯ ಕಟ್ಟಡದ ಹಿಂಭಾಗದಲ್ಲಿ ಅವರ ಕೋಣೆ. ಕಿಟಕಿ ತೆರೆದರೆ ಮೀನು ಮಾರ್ಕೆಟ್ಟಿನ ವಾಸನೆ, ಮುಚ್ಚಿದರೆ ಸೆಕೆ. ಟೀಚರ್ ಮುಚ್ಚಿಯೇ ಇಡುತ್ತಿದ್ದರು. ಹೊರಗಿನ ಗದ್ದಲ ಬಂದರೆ ಕಿವಿಗೆ ಮಿಷನ್ ಹಾಕಿಕೊಂಡ ಮಕ್ಕಳು ಗಾಬರಿಯಾಗುತ್ತವೆ ಅನ್ನುವುದು ಅವರ ಲೆಕ್ಕ. ಕುಳ್ಳಗಿನ, ಭಾರದ ಹೆಂಗಸು. ಮದುವೆಯಾಗಿರಲಿಲ್ಲ. ಕುರಿಚಿಯಲ್ಲಿ ಅಣ್ಣನ ಮನೆಯಲ್ಲಿದ್ದರು. ಅಣ್ಣ ಅಲ್ಲಿಯ ಒಂದು ಫೌಂಡ್ರಿಯಲ್ಲಿ ಮೇಸ್ತ್ರಿ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ನೆಲದ ಮೇಲೆ ಮಕ್ಕಳ ಸಮಕ್ಕೆ ಕೂರುತ್ತಿದ್ದರು. ಏಳುವಾಗ ಮಾತ್ರ ಗೋಡೆ ಹಿಡಿದು, ಮುರುಗನ ಹೆಸರು ಹೇಳಿ, ಎರಡು ಕಂತಿನಲ್ಲಿ ಏಳಬೇಕಾಗುತ್ತಿತ್ತು. ದಿನವಿಡೀ ‘ಪ’ ‘ಬ’ ‘ಮ’ ಎಂದು ಹೇಳಿ ಹೇಳಿ ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲು ಕಟ್ಟಿಹೋಗಿರುತ್ತಿತ್ತು. ಊರ ಮಕ್ಕಳಿಗೆಲ್ಲ ದನಿ ಕೊಡಲು ಕೂತವರ ದನಿಯೇ ಹೀಗೆ ಹರಿದ ತಮಟೆಯ ಹಾಗಿದೆಯಲ್ಲ ಎಂದು ನಾನು ಮನಸ್ಸಿನಲ್ಲಿ ಆಡಿಕೊಳ್ಳುತ್ತಿದ್ದೆ.

ನನ್ನ ಗಂಡನ ಮನೆಯವರು ಹಲವು ತಲೆಮಾರಿನಿಂದ ಕರುಮತ್ತಂಪಟ್ಟಿಯಲ್ಲೇ ನೆಲೆಸಿದ ಕನ್ನಡದ ನೇಕಾರರು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ನಾನು ಕೊಳ್ಳೇಗಾಲದಿಂದ ಮದುವೆಯಾಗಿ ಬಂದವಳು. ಆ ಮನೆಯಲ್ಲಿ ಕನ್ನಡ ಓದಲು ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಬೀದಿಗೆ ಬೀದಿಯೇ ಪವರ್‌ಲೂಮ್. ನಮ್ಮ ಮುಂದಿನ ಹಜಾರದಲ್ಲೇ ನಾಲ್ಕು ಮಗ್ಗ. ಅವು ಓಡುವಾಗ ಪಕ್ಕದಲ್ಲಿ ನಿಂತು ಅರಚಿದರೂ ಕೇಳಿಸದು. ಹಾಗಾಗಿ ಅಲ್ಲಿ ಎಲ್ಲರೂ ತುಟಿಯಲ್ಲೇ ಮಾತಾಡುತ್ತಾರೆ, ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ನೂಲು ಹರಿಯಿತು ಎನ್ನುವುದಕ್ಕೆ ಒಂದು ಬೆರಳು, ಊಟಕ್ಕೆ ಬಾ ಎನ್ನುವುದಕ್ಕೆ ಒಂದು ಕೈ, ಬಂದವರು ಯಾರು ಎನ್ನುವುದಕ್ಕೆ ಒಂದು ಹುಬ್ಬು. ಹೊಸ ಸೊಸೆಯಾಗಿ ಬಂದಾಗ, ಈ ಮನೆಯವರಿಗೆಲ್ಲ ಮೂಗರ ಶಾಪ ತಟ್ಟಿದೆಯೇ ಎಂದು ಹೆದರಿದ್ದೆ. ವರ್ಷ ತುಂಬುವುದರೊಳಗೆ ನಾನೂ ಹಾಗೇ ಆದೆ.

ಇಂಥ ಮನೆಯಲ್ಲಿ ಹುಟ್ಟಿದ ಕಿವುಡು ಮಗುವನ್ನು ಯಾರು ಹೇಗೆ ಗುರುತು ಹಿಡಿಯಬೇಕು? ಕೈ ಆಡಿಸಿದರೆ ಮಣಿ ಬರುತ್ತಿದ್ದಳು. ಹುಬ್ಬು ಹಾರಿಸಿದರೆ ನಗುತ್ತಿದ್ದಳು. ಮಗ್ಗ ನಿಂತ ತಕ್ಷಣ ಆಟ ಬಿಟ್ಟು ತಲೆಯೆತ್ತಿ ನೋಡುತ್ತಿದ್ದಳು. “ಪಾಪುಗೆ ಏನ್ ಚುರುಕು ಕಿವಿ ನೋಡು” ಎಂದು ಅತ್ತೆ ಲಟಿಕೆ ಮುರಿಯುತ್ತಿದ್ದರು. ಮೂರು ತುಂಬಿದರೂ ಬಾಯಿ ಬಿಡದಿದ್ದಾಗ ಬಜೆ ತೇಯ್ದು ನಾಲಗೆಗೆ ಸವರಿದೆವು, ಚೌಡೇಶ್ವರಿಗೆ ಹರಕೆ ಹೊತ್ತೆವು. “ಅವ್ಳಪ್ಪನೂ ಲೇಟಾಗಿ ತಾನೆ ಮಾತಾಡ್ದ, ವುಡು” ಎಂದು ಅತ್ತೆ ತಳ್ಳಿಹಾಕಿದರು. ಅವರ ಕನ್ನಡ ಹೀಗೆ, ಅರ್ಧ ದಾರಿಯಲ್ಲಿ ತಮಿಳಿನ ಬಸ್ಸು ಹತ್ತಿಬಿಡುತ್ತಿತ್ತು.

ಕೊನೆಗೆ ಉಕ್ಕಡಂಗೆ ಕರೆದೊಯ್ದ ಮೊದಲ ದಿನ ಟೀಚರ್ ಮಣಿಯನ್ನು ಮೇಜಿನ ಮೇಲೆ ಕೂರಿಸಿ, ಅವಳ ಬೆನ್ನ ಹಿಂದೆ ಡಬ್ಬದ ಮುಚ್ಚಳ ಬಡಿದರು. ಕಿಟಕಿಯ ಕಾಗೆ ಹಾರಿಹೋಯಿತು. ಮಣಿ ತನ್ನ ಕಾಲ್ಗೆಜ್ಜೆ ನೋಡಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬಂತು. ಮನೆಯಲ್ಲಿ ಮಗ್ಗ ನಿಂತರೆ ತಿರುಗಿ ನೋಡುತ್ತಾಳಲ್ಲ ಎಂದೆ.

“ಆಗ ಎತ್ಲಾಗೆ ಕುಂತಿರ್ತಾಳೆ? ನೆಲದ್ ಮ್ಯಾಲಾ?” ಎಂದು ಕೇಳಿದರು. ಹೌದೆಂದೆ. ಅವರು ಮುಚ್ಚಳವನ್ನು ಡಬ್ಬಕ್ಕೆ ಹಾಕಿಟ್ಟರು. ನೆಲದ ನಡುಕ ನಿಂತದ್ದನ್ನು ನನ್ನ ಮಗಳು ಮೈಯಲ್ಲಿ ತಿಳಿಯುತ್ತಿದ್ದಳು ಎನ್ನುವುದು ವಾಪಸ್ ಬಸ್ಸಿನಲ್ಲಿ ನನಗೆ ಹೊಳೆಯಿತು. ಸೂಲೂರು ದಾರಿಯುದ್ದಕ್ಕೂ ಅಳುತ್ತಾ ಬಂದೆ.

ಅವರು ಕನ್ನಡದವರೆಂದು ಗೊತ್ತಾದದ್ದೂ ಆ ದಿನವೇ. ಅನ್ನೂರಿನ ಕಡೆಯ ಒಕ್ಕಲುತನದ ಮನೆತನ. ನನ್ನ ಮುರುಕು ತಮಿಳು ಕೇಳಿಯೇ ಅವರಿಗೆ ನಾನು ಯಾರೆಂದು ತಿಳಿದುಹೋಗಿತ್ತು. ಆದರೆ ಕನ್ನಡ ಆಡುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಮಣಿಯ ಕಣ್ಣಿಗೆ ಆ ತುಟಿಗಳು ಬೀಳಬಾರದೆಂದು. ಕಿವುಡು ಮಗುವಿಗೆ ಒಂದೇ ಭಾಷೆ ಅನ್ನುವುದು ಆಗಿನ ಕಾಲದ ಕಟ್ಟುನಿಟ್ಟು. ಇಸ್ಕೂಲು, ಅಂಗಡಿ, ಬೀದಿ ಎಲ್ಲ ತಮಿಳಾದ್ದರಿಂದ ಮಣಿಗೂ ತಮಿಳೇ ಆಗಬೇಕು. “ನೀನೂ ಮಗೀನ್ ಮುಂದೆ ಕನ್ನಡ ಆಡ್ಬ್ಯಾಡ ತಾಯಿ. ನಂಗೂ ಕಷ್ಟನೇ. ಏನ್ ಮಾಡೋದು?” ಎಂದರು. ಹೆತ್ತ ಮಗಳ ಜೊತೆ ನಾನು ಕಲಿತ ಭಾಷೆಯಲ್ಲಿ, ತಪ್ಪು ತಪ್ಪಾಗಿ, ಬಾಯಿ ಅಗಲಿಸಿ ಮಾತಾಡತೊಡಗಿದೆ. ನಾನು ಯಾರದೋ ಮನೆಯ ಆಯಾ ಎನ್ನಿಸುತ್ತಿತ್ತು.

ಅವರ ಕೆಲಸ ನೋಡುವುದಕ್ಕೆ ಏನೂ ಅಲ್ಲ. ತುಟಿಯ ಮುಂದೆ ಕಾಗದದ ಚೂರು ಹಿಡಿದು ‘ಪ’ ಎನ್ನಿಸುವುದು, ಚೂರು ಹಾರಬೇಕು. ಮಗುವಿನ ಕೈಯನ್ನು ತಮ್ಮ ಗಂಟಲಿಗೆ, ಮತ್ತೆ ಅದರ ಗಂಟಲಿಗೆ ಇಟ್ಟು, ಒಳಗೆ ಗುಂಯ್‌ಗುಡುವುದನ್ನು ತಿಳಿಸುವುದು. ನಾಲಗೆ ಹೊರಳದ ಮಕ್ಕಳಿಗೆ ಮೇಲ್ತುಟಿಗೆ ಬೆಲ್ಲದ ಪಾಕ ಹಚ್ಚಿ ನೆಕ್ಕಿಸುವುದು. ಬುದ್ಧಿ ನಿಧಾನವಾದ ಒಂದು ಮಗುವಿನ ತಂದೆ, ಮಾತು ಯಾವಾಗ ಬರುತ್ತದೆ ಎಂದು ಪೀಡಿಸಿದಾಗ, ಆ ಮಗುವಿನ ಕೈಗೆ ಒಂದು ಚಕ್ಕುಲಿ ಕೊಟ್ಟು, ಮೊದಲು ಇದನ್ನು ಅಗಿಯುವುದಕ್ಕೆ ಕಲಿಯಲಿ, ಮಾತಿನ ಯೋಚನೆ ಆಮೇಲೆ ಮಾಡೋಣ ಎಂದಿದ್ದರು. ಆ ಮನುಷ್ಯ ಮುಖ ಗಂಟು ಹಾಕಿಕೊಂಡು ಹೋದ. ಆದರೆ ಮುಂದಿನ ವಾರ ಬಂದ. ಎಲ್ಲರೂ ಬರುತ್ತಿದ್ದರು, ಬೇರೆ ಎಲ್ಲಿಗೆ ಹೋಗಬೇಕು?

ಅವರಲ್ಲಿ ನನ್ನನ್ನು ಉರಿಸುತ್ತಿದ್ದದ್ದು ಒಂದೇ. ಆಗುತ್ತದೆ ಎಂದು ಬಾಯಿತಪ್ಪಿಯೂ ಹೇಳುತ್ತಿರಲಿಲ್ಲ. ಡಾಕ್ಟರು ಹೇಳುತ್ತಾರೆ, ಜೋಯಿಸ ಹೇಳುತ್ತಾನೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿ ಕೂಡ ಹೇಳುತ್ತಾಳೆ, ಎಲ್ಲ ಸರಿಹೋಗುತ್ತದೆ ‘ಕಣ್ಣು’ ಅಂತ, ಅಲ್ಲಿಯವರ ಮುದ್ದಿನ ಮಾತಿನಲ್ಲಿ. ಇವರಿಗೇನು ಗಂಟು ಹೋಗುತ್ತಿತ್ತು? ಮಣಿ ಮಾತಾಡುತ್ತಾಳಾ ಎಂದು ಪ್ರತಿ ಸಲ ಹೊರಡುವಾಗ ಕೇಳುತ್ತಿದ್ದೆ. ಪ್ರತಿ ಸಲವೂ ಅವರು ಫ್ಲಾಸ್ಕಿನ ಬಿಸಿನೀರು ಗುಟುಕರಿಸಿ, “ಬರೋ ವಾರ ಬಾಮ್ಮ” ಎನ್ನುತ್ತಿದ್ದರು.

ಮನೆಯಲ್ಲಿ ಪಾಠ ಮಾಡುವುದಕ್ಕೆ ಸದ್ದಿಲ್ಲದ ಒಂದು ಗಂಟೆ ಬೇಕು ಎಂದರು. ಮಣಿಯ ಎದೆಗೆ ಕಟ್ಟಿ, ವೈರಿನಿಂದ ಕಿವಿಗೆ ಸಿಕ್ಕಿಸುವ ಮಿಷನ್ನಿಗೆ ನಾನೇ ಚೀಲ ಹೊಲಿದಿದ್ದೆ. ಮಗ್ಗ ಓಡುವಾಗ ಅದನ್ನು ಹಾಕಿದರೆ ಕಿತ್ತೆಸೆದು ಅಳುತ್ತಿದ್ದಳು. ನಮ್ಮ ಮಗ್ಗ ನಿಲ್ಲಿಸಿದರೆ ಗೋಡೆಯಾಚೆ ಪಕ್ಕದ ಮನೆಯದು, ಅದರಾಚೆ ಮತ್ತೊಬ್ಬರದು. ಒಂದು ಮಗುವಿಗಾಗಿ ಬೀದಿಯೆಲ್ಲ ಮಗ್ಗ ನಿಲ್ಲಿಸಲು ಅಲ್ಲಿ ಯಾರಿಗೂ ತಲೆ ಕೆಟ್ಟಿರಲಿಲ್ಲ. ಅದನ್ನು ಹೇಳಿದಾಗ ಟೀಚರ್ ಕೈಯಿಂದ ಬಾಯಿ ಮುಚ್ಚಿಕೊಂಡು, “ಕರೆಂಟ್ ಓಗಲ್ವಾ ನಿಮ್ಮೂರಲ್ಲಿ?” ಎಂದರು.

ಹೋಗುತ್ತಿತ್ತು. ಆ ವರ್ಷಗಳಲ್ಲಿ ಚೆನ್ನಾಗಿಯೇ ಹೋಗುತ್ತಿತ್ತು. ಕರೆಂಟ್ ಹೋದರೆ ಊರಿಗೆ ಊರೇ ಸರಕಾರದ ಮನೆ ಹಾಳಾಗಲಿ ಎಂದು ಬೀದಿಗೆ ಬಂದು ಕೂರುತ್ತಿತ್ತು. ನಾನು ಮಾತ್ರ, ತುಟಿಯ ಚಲನೆ ತೋರಿಸುವ ಪಾಠದ ಕನ್ನಡಿ ಹಿಡಿದು ಮಣಿಯನ್ನು ಹುಡುಕಿಕೊಂಡು ಓಡುತ್ತಿದ್ದೆ. ಒಲೆಯ ಮೇಲಿನ ಅನ್ನ ಸೀದುಹೋಗಲಿ, ಇವಳಿಗೆ ನಿದ್ದೆ ಬಂದಿರಲಿ, ಆಟ ರಂಗೇರಿರಲಿ, ಕರೆಂಟ್ ಹೋಯಿತೆಂದರೆ ಪಾಠ. “ಊರ್ಗೆಲ್ಲಾ ಹೊಟ್ಟೆ ಉರೀತದೆ, ನಿಂಗ್ ಒಬ್ಳಿಗೇ ದೀಪಾವಳಿ” ಎಂದು ನನ್ನ ಗಂಡ ಬೀಡಿ ಹಚ್ಚುತ್ತಾ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಪಾಪ. ಆದರೆ ಮಣಿಗೆ ಅದು ದೀಪಾವಳಿ ಆಗಿರಲಿಲ್ಲ. ನೆಲದ ನಡುಕ ನಿಂತದ್ದೇ ಅವಳು ಕಟ್ಟಿಗೆ ರಾಶಿಯ ಹಿಂದೆ ಅಡಗಿಕೊಳ್ಳತೊಡಗಿದಳು.

ಎಲ್ಲಕ್ಕಿಂತ ಕಷ್ಟದ್ದು ಟೀಚರ್ ಹಾಕಿಕೊಟ್ಟ ಇನ್ನೊಂದು ನೇಮ. ಮಗು ಕೈಸನ್ನೆಯಲ್ಲಿ ಕೇಳಿದರೆ ಏನೂ ಕೊಡಕೂಡದು. ಬಾಯಿ ತೆರೆದು ಹೇಳಿದರೆ ಮಾತ್ರ ಕೊಡಬೇಕು. ಇಡೀ ಬೀದಿ ಕೈಯಲ್ಲಿ ಮಾತಾಡುವಾಗ ಇದೊಂದು ಮಗುವಿನ ಕೈ ಕಟ್ಟಬೇಕು. ಮಣಿ ಹೆಬ್ಬೆರಳನ್ನು ಬಾಯಿಗೆ ತೋರಿಸಿ ನೀರು ಕೇಳುತ್ತಿದ್ದಳು. ನಾನು ಲೋಟ ಎತ್ತಿ ಹಿಡಿದು “ತಣ್ಣಿ. ಸೊಲ್ಲು, ತಣ್ಣಿ” ಎನ್ನುತ್ತಿದ್ದೆ. ಅವಳು “ತಾ” ಎನ್ನುವಳು, “ನೀ” ಎನ್ನುವಳು, ಕಣ್ಣಲ್ಲಿ ನೀರು ತುಂಬಿಕೊಳ್ಳುವಳು. ನಾನು ಕೈ ಇಳಿಸುತ್ತಿರಲಿಲ್ಲ. ನನಗೆ ಒಂದೇ ಒಂದು ಆಸೆ. ಅವಳು ಬಾಯಿಬಿಟ್ಟು ಕರೆಯಬೇಕು, ನಾನು ಓ ಅನ್ನಬೇಕು.

ಅತ್ತೆ ಹಿಂದಿನಿಂದ ಬಂದು ತಮ್ಮ ಚೊಂಬಿನಿಂದ ಕುಡಿಸಿಬಿಡುತ್ತಿದ್ದರು. “ಮಗೀಗೆ ಬಾಯ್ ಒಣಗ್ತದೆ, ಇವ್ಳಿಗೆ ಪಾಡಂ! ನಾಯಿಗೂ ತಣ್ಣಿ ಇಕ್ತಾರಲ್ಲ, ಅದು ಮೊದ್ಲು ಬೊಗಳಿ ತೋರಿಸ್ಬೇಕಾ?” ಎಂದು ನನ್ನ ಮೇಲೆ ಹರಿಹಾಯುತ್ತಿದ್ದರು. ಟೀಚರ್ ಹೇಳಿದ್ದಾರೆ ಎಂದರೆ, ಆ ಟೀಚರಿಗೆ ಮಕ್ಕಳಿದ್ದಾವಾ ಎಂದು ಕೇಳುತ್ತಿದ್ದರು. ನಾನು ಜಗಳ ಆಡುತ್ತಿದ್ದೆ. ಒಳಗೊಳಗೆ ನನಗೂ ಅದೇ ಪ್ರಶ್ನೆ ಇತ್ತು.

ತಮ್ಮ ಹತ್ತಿರ ಬರುವ ಮಕ್ಕಳ ಮನೆಗಳನ್ನು ಒಂದು ಸಲವಾದರೂ ನೋಡಿ ಬರುವ ಪದ್ಧತಿಯನ್ನು ಟೀಚರ್ ಆಗಷ್ಟೇ ಶುರುಮಾಡಿದ್ದರು. ಹೇಳಿ ಕಳಿಸದೆ ಬರುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಹೊಸಲಿನಲ್ಲಿ ಬಂದು ನಿಂತರು. ಮಗ್ಗಗಳು ಓಡುತ್ತಿದ್ದವು. ಅವರು ಏನೋ ಹೇಳಿದರು, ಅದು ಅವರಿಗೇ ಕೇಳಿಸಿರಲಾರದು. ಹಜಾರದ ಆ ತುದಿಯಿಂದ ಅತ್ತೆ ಹುಬ್ಬಿನಲ್ಲಿ ಯಾರೆಂದು ಕೇಳಿದರು. ನಾನು ತುಟಿಯಲ್ಲಿ ಟೀಚರ್ ಎಂದೆ. ಅವರು ಕೈಯಲ್ಲಿ ಕೂರಿಸು ಎಂದರು, ನಾನು ಬೆರಳಲ್ಲಿ ಕಾಫಿ ಎಂದೆ. ಟೀಚರ್ ಇದನ್ನೆಲ್ಲ ನೋಡುತ್ತಾ ನಿಂತರು. ಅವರ ಮುಖದಲ್ಲಿ ನಾನು ಯಾವತ್ತೂ ಕಾಣದ ಒಂದು ನಗೆ ಬರುತ್ತಿತ್ತು.

ಅಷ್ಟರಲ್ಲಿ ಮಣಿ ಹಿತ್ತಿಲಿನಿಂದ ಓಡಿ ಬಂದಳು. ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಬಿದ್ದು ಮೊಣಕಾಲು ಕಿತ್ತುಹೋಗಿತ್ತು, ರಕ್ತ ಸುರಿಯುತ್ತಿತ್ತು, ಬಾಯಿ ತೆರೆದು ಅಳುತ್ತಿದ್ದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಎತ್ತಿಕೊಳ್ಳಲು ಬಾಗಿದೆ ಎಂದೇ ನಾನು ಅಂದುಕೊಂಡಿದ್ದೆ. ಆದರೆ ನನ್ನ ಬೆರಳು ರೂಢಿಯಂತೆ ಮೊದಲು ನನ್ನ ತುಟಿಗೆ ಹೋಗಿತ್ತು: ಏನಾಯಿತು, ಹೇಳು. ಮಣಿ ಆ ಬೆರಳು ನೋಡಿದಳು. ನೋಡಿ, ನನ್ನನ್ನು ಸುತ್ತು ಹಾಕಿಕೊಂಡು, ಎರಡು ಮಗ್ಗಗಳ ನಡುವೆ ತೂರಿ, ಹಜಾರದ ಆ ತುದಿಯಲ್ಲಿದ್ದ ಅಜ್ಜಿಯ ಮಡಿಲಿಗೆ ಹೋಗಿ ಬಿದ್ದಳು.

ಆಗಲೇ ಕರೆಂಟ್ ಹೋಯಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ಸತ್ತವು. ಮಣಿಯ ಬಿಕ್ಕಳಿಕೆಯೊಂದೇ ಕೇಳಿಸುತ್ತಿತ್ತು. ನಾನು, ದೇವರಾಣೆ, ಕನ್ನಡಿಗಾಗಿ ಗೂಡಿನ ಕಡೆ ನೋಡಿದೆ.

ಟೀಚರ್ ನೂಲಿನ ಮೂಟೆಯ ಮೇಲೆ ಕುಸಿದು ಕೂತರು. ಆ ದಿನ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.

“ಪೋದುಂ ತಾಯಿ. ಸಾಕು. ಕನ್ನಡಿ ಒಳಗಿಡು.”

“ಪಾಠದ ಹೊತ್ತು ಟೀಚರ್” ಎಂದೆ.

“ಪಾಠ ನಾನ್ ಹೇಳ್ಕೊಡ್ತೀನಿ, ನನ್ ಕ್ವಾಣೇಲಿ. ಮನೇಲಿ ಬ್ಯಾಡ. ಅವ್ಳು ಕೇಳಿದ್ ಕೊಡು. ಕೈಯಾಗ್ ಕೇಳಿದ್ರೂ ಕೊಡು. ಕನ್ನಡದಾಗೇ ಆಡು. ನಾನ್ ಯೋಳಿದ್ದು ತಪ್ಪಾಯ್ತು.”

ನನಗೆ ಮೈಯೆಲ್ಲ ಹೊತ್ತಿಕೊಂಡಿತು. ಎರಡು ವರ್ಷ ಲೋಟ ಹಿಡಿದು ನಿಂತವಳು ನಾನು. ಮಗಳ ಕಣ್ಣಿಗೆ ರಾಕ್ಷಸಿಯಾದವಳು ನಾನು. ಬೆಟ್ಟ ಅಗೆದು ಇಲಿಯನ್ನೂ ಹಿಡಿಯದೆ ಈಗ ತಪ್ಪಾಯಿತು ಎನ್ನುತ್ತಾರೆ! “ಆವತ್ತು ಯಾಕೆ ಹೇಳಲಿಲ್ಲ?” ಎಂದು ಕಿರುಚಿದೆ. ಮಗ್ಗ ನಿಂತದ್ದು ಮರೆತಿದ್ದೆ, ಬೀದಿಯವರೆಲ್ಲ ಬಾಗಿಲಿಗೆ ಬಂದರು.

“ಆವತ್ತು ನಂಗೂ ತಿಳೀನಿಲ್ಲ. ನಂಗೆ ಕಲ್ಸಿದವ್ರು ಹಿಂಗೇ ಕಲ್ಸಿದ್ರು. ಮಕ್ಳು ನನ್ ಕ್ವಾಣೆಗೆ ಬರ್ತಾವೆ, ಓಯ್ತಾವೆ. ಮನೇಲಿ ಯಾರ ಮಡ್ಲಿಗೆ ಓಯ್ತಾವೆ ಅಂತ ನಾನೆಲ್ ಕಂಡೆ?”

“ಅವಳು ಮಾತಾಡ್ತಾಳಾ? ಬರೋ ವಾರ ಬಾ ಅನ್ನಬೇಡಿ. ಇವತ್ತು ಹೇಳಿ.”

ಅವರು ಮಣಿಯ ಕಡೆ ನೋಡಿದರು. ಅತ್ತೆ ಆ ಮೊಣಕಾಲಿಗೆ ಅರಿಸಿನ ಒತ್ತುತ್ತಿದ್ದರು. “ಆಡ್ತಾಳೆ. ನಿಂಗ್ ತಿಳಿಯೋ ಅಷ್ಟು ಆಡ್ತಾಳೆ. ಬ್ಯಾರೆಯವ್ರಿಗೆ ತಿಳಿಯೋದ್ ಕಷ್ಟ” ಎಂದರು. ನಾನು ಅಷ್ಟು ದಿನ ಕಾದಿದ್ದ ಉತ್ತರ ಅದು. ಕೇಳಿ ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ, ಮಲಗಿ ನಿದ್ದೆ ಮಾಡಬೇಕು ಅನ್ನಿಸಿತು. ಅತ್ತೆ ಕಾಫಿ ತಂದರು. ಆ ಟೀಚರಿಗೆ ಮಕ್ಕಳಿದ್ದಾವಾ ಎನ್ನುತ್ತಿದ್ದವರು ಅವರ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ, “ಕುಡೀಂಗ ಅಮ್ಮಿಣಿ, ಬಿಸ್ಲಲ್ ಬಂದಿದ್ದೀರ” ಎಂದು ಮನೆಮಗಳಂತೆ ಉಪಚರಿಸಿದರು.

ಮಣಿ ಅವತ್ತೇ ನನ್ನ ಹತ್ತಿರ ಬಂದಳು ಎಂದು ಬರೆದರೆ ಯಾರೂ ನಂಬಬೇಡಿ. ಎಷ್ಟೋ ದಿನ ಲೋಟ ಕೊಟ್ಟರೂ ನನ್ನ ಮುಖ ನೋಡಿ, ಇದರಲ್ಲೇನು ಮೋಸವಿದೆಯೋ ಎಂಬಂತೆ ಈಸಿಕೊಳ್ಳುತ್ತಿದ್ದಳು. ನಾನು ಕೊಳ್ಳೇಗಾಲದ ಕನ್ನಡದಲ್ಲಿ ಅವಳೊಂದಿಗೆ ಹರಟತೊಡಗಿದೆ. ಮಳೆ, ಬೆಕ್ಕು, ಪಕ್ಕದ ಮನೆಯವರ ಜಂಬ, ಬಾಯಿಗೆ ಬಂದದ್ದು. ಅವಳಿಗೆ ಏನೂ ತಿಳಿಯುತ್ತಿರಲಿಲ್ಲ, ಆದರೂ ನನ್ನ ತುಟಿ ನೋಡುತ್ತಾ ಕೂರುವಳು. ಒಂದು ಮಧ್ಯಾಹ್ನ ಮಗ್ಗಗಳು ಓಡುತ್ತಿರುವಾಗಲೇ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕಾಲು ಜೋಮು ಹಿಡಿದರೂ ನಾನು ಸಂಜೆಯವರೆಗೆ ಅಲ್ಲಾಡಲಿಲ್ಲ.

ವಾರಕ್ಕೊಮ್ಮೆ ಉಕ್ಕಡಂಗೆ ಹೋಗುವುದು ನಿಲ್ಲಲಿಲ್ಲ. ಟೀಚರ್ ತಮ್ಮ ನೇಮವನ್ನು ಎಲ್ಲ ತಾಯಂದಿರಿಗೂ ಸಡಿಲಿಸಿದರು. ಕೆಲವರು, ಟೀಚರಿಗೆ ವಯಸ್ಸಾಯಿತು, ಮೊದಲಿನ ಹಟವಿಲ್ಲ ಎಂದು ಬೇರೆ ಕಡೆ ಹೋದರು. ಅವರು ತಡೆಯಲಿಲ್ಲ. ಒಂದು ಸಲ ಸಂಜೆಯ ಬಸ್ಸಿನಲ್ಲಿ ಅವರನ್ನು ನೋಡಿದೆ, ಕಿಟಕಿಯ ಸರಳಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದರು, ತುಟಿಗಳು ಮಾತ್ರ ಮೆಲ್ಲಗೆ ‘ಮ’ ‘ಮ’ ಎಂದು ಆಡುತ್ತಿದ್ದವು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ಹೊತ್ತಿನಲ್ಲಿ. ಎಬ್ಬಿಸಿ ಹೇಳಬೇಕಿತ್ತೋ ಏನೋ. ನಿದ್ದೆ ಕೆಡಿಸಲು ಮನಸ್ಸು ಬರಲಿಲ್ಲ.

ಮಣಿಗೆ ಹನ್ನೊಂದು ನಡೆಯುವಾಗ ಅವರು ಹೋದರು. ಎದೆನೋವು ಎಂದು ಮಲಗಿದವರು ಏಳಲಿಲ್ಲವಂತೆ. ಸುದ್ದಿ ತಿಳಿದು ಮಣಿಯನ್ನು ಕರೆದುಕೊಂಡು ಕುರಿಚಿಗೆ ಹೋದೆ. ಟೀಚರ್ ಸತ್ತಿದ್ದಾರೆಂದು ಬಸ್ಸಿನಲ್ಲಿ ಎಲ್ಲ ವಿಧದಲ್ಲೂ ಹೇಳಿದ್ದೆ. ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ತಿಳಿಯಿತೋ ಇಲ್ಲವೋ ಗೊತ್ತಾಗಲಿಲ್ಲ.

ಅಂಗಳದಲ್ಲಿ ಆಗಲೇ ಸ್ನಾನ ಮಾಡಿಸಿ ಮಲಗಿಸಿದ್ದರು. ವಾಯ್ಕರಿಸಿ ನಡೆಯುತ್ತಿತ್ತು. ಸತ್ತವರ ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ. ಹತ್ತಿರದ ನೆಂಟರು ಮಾತ್ರ ಹಾಕುವುದು. ಅಣ್ಣ, ಅತ್ತಿಗೆ, ಅಣ್ಣನ ಮಕ್ಕಳು ಸಾಲಾಗಿ ನಿಂತಿದ್ದರು. ನಾವು ಪಾಠಕ್ಕೆ ಬರುತ್ತಿದ್ದವರು ಬೇಲಿಯ ಹತ್ತಿರ ಒಂದು ಗುಂಪಾಗಿ ನಿಂತಿದ್ದೆವು. ನೋಡನೋಡುತ್ತಿದ್ದಂತೆ ಮಣಿ ನನ್ನ ಕೈ ಬಿಡಿಸಿಕೊಂಡು ಹೋಗಿ ಆ ಸಾಲಿನ ಕೊನೆಯಲ್ಲಿ ನಿಂತುಬಿಟ್ಟಳು.

ಅಕ್ಕಿಯ ಮೊರ ಹಿಡಿದಿದ್ದ ಮುದುಕಿಯೊಬ್ಬರು ಅವಳನ್ನು ತಡೆದು, “ಇದು ಮನೆಯೋರ್ ಮಾತ್ರ ಕಣ್ಣು. ನೀನ್ ಯಾರು?” ಎಂದು ಕೇಳಿದರು.

ಮಣಿ ಅವರ ತುಟಿ ನೋಡಿದಳು. ಎದೆಯ ಮಿಷನ್ನನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕತ್ತಿನ ನರ ಉಬ್ಬಿಸಿ, ಅಂಗಳಕ್ಕೆಲ್ಲ ಕೇಳುವಂತೆ ಒಂದು ಮಾತು ಹೇಳಿದಳು. ಸಾಲಿನವರು ತಿರುಗಿ ನೋಡಿದರು. ಯಾರಿಗೂ ತಿಳಿಯಲಿಲ್ಲ. ಮುದುಕಿ ಮತ್ತೆ ಕೇಳಿದರು, ಅವಳು ಮತ್ತೆ ಅದನ್ನೇ ಹೇಳಿದಳು. ಎಲ್ಲರೂ ಬೇಲಿಯ ಹತ್ತಿರ ನಿಂತಿದ್ದ ನನ್ನ ಮುಖ ನೋಡಿದರು.

ನನಗೆ ತಿಳಿದಿತ್ತು. ಒಂದು ಗಳಿಗೆ, ಟೀಚರ ಹತ್ತಿರ ಓದಿದ ಹುಡುಗಿ ಎಂದುಬಿಡೋಣ ಅನ್ನಿಸಿತು. ಹಾಗೆ ಹೇಳಿದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ನನಗೂ ಅಷ್ಟು ನೋಯುತ್ತಿರಲಿಲ್ಲ.

“ಅವರ ಮಗಳು ಅಂತಿದ್ದಾಳೆ” ಎಂದೆ.

ಅಣ್ಣ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.